‘ಅವಗೆಂಪು’, ‘ಅತಿರಕ್ತ’ ಶಬ್ದಗಳ ವಿಮರ್ಶೆ

2008ನೆಯ ಇಸವಿ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ನೌಕೆಯಲ್ಲಿ ಚಂದ್ರತಲದ ಏರುತಗ್ಗುಗಳನ್ನಳೆಯುವ ಲೇಸರು ಯಂತ್ರವೊಂದಿದ್ದಿತು. ಅದನ್ನು ನಿರ್ಮಿಸಿದವರು ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ಲಿಯೋಸ್ ಪ್ರಯೋಗಾಲಯದವರು. ನಿಯೋಡಿಮಿಯಮ್ ಬೆರೆತ ಯಾಗ್ ಹರಳಿನಿಂದ ಹೊಮ್ಮುವ ಅದರ ಬೆಳಕಿನ ಅಲೆಯುದ್ದ 1064 ನ್ಯಾನೋಮೀಟರು. ಅದು ಕಣ್ಣಿಗೆ ಕಾಣದು. (ಯಾಗ್ ಎಂಬುದು ಯಜ್ಞವಲ್ಲ, ಇಟ್ರಿಯಮ್, ಅಲ್ಯುಮಿನಿಯಮ್, ಗಾರ್ನೆಟ್ ಎಂಬ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳ ಕೂಟ.) ಅದೇ ಹರಳಿಗೆ ಎರ್ಬಿಯಮ್ ಬೆರೆಸಿದರೆ ಅಲೆಯುದ್ದವು 2.94 ಮೈಕ್ರೋಮೀಟರಿಗೆ ಏರುತ್ತದೆ. ಆ ಬೆಳಕನ್ನು ನೀರು ಬಲವಾಗಿ ಹೀರುವುದರಿಂದ ಅದು ದಂತವೈದ್ಯರಿಗೂ ಚರ್ಮವೈದ್ಯರಿಗೂ ಉಪಯುಕ್ತವಾಗಿದೆ.

ಈ ಕಾಣದ ಬೆಳಕಿಗೆ ಕನ್ನಡದಲ್ಲಿ ಬಳಕೆಯಾಗುತ್ತಿರುವ ಹೆಸರುಗಳಲ್ಲಿ ‘ಅವಗೆಂಪು’, ‘ಅತಿರಕ್ತ’ ಎಂಬೆರಡು ವಿಚಾರಣೀಯವಾಗಿವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂತಹ ಊರಿನಲ್ಲಿ ಕನ್ನಡದಲ್ಲಿಯೇ ಭೌತಶಾಸ್ತ್ರವನ್ನೋದುವ ಹುಡುಗನಿಗೆ ಶಬ್ದವನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಪ್ರಯೋಗಶಾಲೆ ದೂರ, ಪುಸ್ತಕ ಹತ್ತಿರ.

‘ಅವಗೆಂಪು’ ಎಂಬಲ್ಲಿ ‘ಅವ’ ಎಂಬುದು ಸಂಸ್ಕೃತದ ಉಪಸರ್ಗ, ‘ಕೆಂಪು’ ಅಚ್ಚಗನ್ನಡ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅರಿಸಮಾಸವನ್ನು ಕೆಲವು ಕಡೆಗಳಲ್ಲಿ ಮಾತ್ರ ಒಪ್ಪಿರುವನು; ಆ ಪರಿಗಣನೆಯಲ್ಲಿ ಇದು ಸೇರದು. ಆದರೆ ಸಮಾಸದೋಷವನ್ನು ಕ್ಷಮಿಸಬಹುದು. ‘ನೇರಳಾತೀತ’ವೂ ಅಂತಹುದೇ, ಬಳಕೆಯಿಂದ ಗಟ್ಟಿಯಾಗಿದೆ. ಕ್ಷಮಿಸಲಾಗದುದು ಅರ್ಥದೋಷ. ಕಡುಗೆಂಪು, ನಸುಗೆಂಪು ಎಂಬವುಗಳ ಸಾಲಿನಲ್ಲಿ ಅವಗೆಂಪನ್ನು ಕೇಳಿದವನು ಅದನ್ನೂ ಕೆಂಪಿನದೊಂದು ಛಾಯೆಯೆಂದೇ ತಿಳಿಯುವನು. ಆ ಬೆಳಕಿಗೋ ಬಣ್ಣವೇ ಇಲ್ಲ.

‘ಅತಿರಕ್ತ’ವನ್ನು ಅತಿಶಯವಾಗಿ ಕೆಂಪಾದುದೆಂದು ಬಿಡಿಸಿದರೆ ಅದೇ ಭ್ರಾಂತಿ. ಆದರೆ ಪ್ರಾದಿಸಮಾಸದ ವಾರ್ತಿಕದಂತೆ ‘ಅತಿ’ಗೆ ಅತಿಕ್ರಾಂತ ಎಂಬ ಅರ್ಥವುಂಟು, ಮಾಲೆಯನ್ನು ಮೀರಿದುದು ‘ಅತಿಮಾಲ’ವಾಗುವಂತೆ ರಕ್ತವರ್ಣವನ್ನು ಮೀರಿದುದು ‘ಅತಿರಕ್ತ’. ಈ ಶಬ್ದವು ಶಾಸ್ತ್ರಶುದ್ಧವೆಂಬುದರಲ್ಲಿ ಸಂದೇಹವಿಲ್ಲ. ವಾರ್ತಿಕವನ್ನೋದದ ಸಾಸಲಿನ ಹುಡುಗನಿಗೆ ಮಾತ್ರ ಆ ಶುದ್ಧಿ ಒದಗದು. ಆಂಗ್ಲ ಪದದಲ್ಲಿ ‘ಕೆಳಗೆ’ ಎಂದಿರುವಾಗ ‘ಮೀರಿ’ ಎನ್ನುವುದು ತಪ್ಪೆಂಬ ಆಕ್ಷೇಪವು ನಿಲ್ಲದು. ಆವರ್ತಸಂಖ್ಯೆಯನ್ನೆಣಿಸಿದರೆ ಅದು ಕೆಂಪಿಗಿಂತ ಕೆಳಗೆ, ಅಲೆಯುದ್ದವನ್ನೆಣಿಸಿದರೆ ಮೇಲೆ.

1800ರಲ್ಲಿ ಹರ್ಷಲ್ ಮಹಾಶಯನು ಅಶ್ರಗದಿಂದ ಬಿಸಿಲನ್ನು ಬಿಡಿಸಿ, ಕೆಂಪು ಮುಗಿದ ಜಾಗದಾಚೆ ತಾಪಮಾಪಕವನ್ನಿಟ್ಟು ಕಾಣದ ಬಿಸಿಯನ್ನು ಕಂಡನು. ಅಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ, ಇರುವುದು ‘ಆಚೆ’. ‘ಕೆಂಪಿನಾಚೆಯ ಕಿರಣ’ವೆಂದರೆ ಶಬ್ದವು ತುಸು ಉದ್ದವಾದರೂ ಪ್ರಯೋಗವನ್ನೇ ಕಣ್ಮುಂದೆ ತರುತ್ತದೆ. ಬೂದಿ ಮುಚ್ಚಿದ ಕೆಂಡದ ಮೇಲೆ ಅಂಗೈ ಹಿಡಿದವರಿಗೆ ಅದರ ಪರಿಚಯ ಆಗಲೇ ಉಂಟು.

ಇನ್ನೊಂದು ತೊಡಕು ‘ಅಧಿಕಶಕ್ತಿಯ ಲೇಸರು’ ಎಂಬ ಪ್ರಯೋಗ. ಶಾಲೆಯ ಪುಸ್ತಕಗಳಲ್ಲಿ ಎನರ್ಜಿಯು ‘ಶಕ್ತಿ’, ಪವರು ‘ಸಾಮರ್ಥ್ಯ’. ಚಂದ್ರಯಾನದ ಲೇಸರು ಮಿಡಿತಕ್ಕೆ 10 ಮಿಲಿಜೌಲಿನಂತೆ ಸೆಕೆಂಡಿಗೆ 10 ಮಿಡಿತಗಳನ್ನು ಬಿಡುತ್ತಿತ್ತು. ಸರಾಸರಿ ಸಾಮರ್ಥ್ಯ ವಾಟಿನ ಹತ್ತನೆಯ ಒಂದು ಪಾಲು. ಮಿಡಿತದ ಅವಧಿ 10 ನ್ಯಾನೋಸೆಕೆಂಡೆಂದು ಇಟ್ಟುಕೊಂಡರೆ, ಆ ಕ್ಷಣದ ಸಾಮರ್ಥ್ಯ 10 ಲಕ್ಷ ವಾಟು. ಇಲ್ಲಿ ಅಧಿಕವಾದುದು ಶಕ್ತಿಯಲ್ಲ, ಮಿಡಿತದ ಸಾಮರ್ಥ್ಯ.