ಎಣಿಕೆ ಸರಿ, ನಡೆ ತಪ್ಪು: ಅನುವಾದಿತ ಪೂಜಾಗೀತೆಗಳ ಛಂದಸ್ಸನ್ನು ಕುರಿತು

ಇಂಗ್ಲಿಷ್ ಭಕ್ತಿಗೀತೆಯನ್ನು ಅದರ ಮೂಲ ಧಾಟಿಯಲ್ಲೇ ಹಾಡುವಂತೆ ಕನ್ನಡಕ್ಕೆ ತರುವಾಗ ನಮ್ಮಲ್ಲೊಂದು ರೂಢಿಯಿದೆ. ಇಂಗ್ಲಿಷ್ ಸಾಲಿನಲ್ಲಿ ಎಷ್ಟು ಉಚ್ಚಾರಾಂಶಗಳಿವೆಯೋ ಅಷ್ಟೇ ಅಕ್ಷರಗಳನ್ನು ಕನ್ನಡ ಸಾಲಿನಲ್ಲೂ ಇಡುತ್ತೇವೆ. ಎಂಟಕ್ಕೆ ಎಂಟು, ಆರಕ್ಕೆ ಆರು. ನಾವೂ ಹೀಗೆ ಬೆರಳೆಣಿಸಿ ಗೀತೆಗಳನ್ನು ಕಟ್ಟಿದ್ದುಂಟು. ಎಣಿಕೆ ಸರಿಯಿದ್ದೂ ಅಂಥ ಗೀತೆ ಸಭೆಯ ಬಾಯಲ್ಲಿ ಏಕೆ ಸೋಲುತ್ತದೆಂಬುದೇ ಇಲ್ಲಿನ ವಿಚಾರ.

ಇಂಗ್ಲಿಷಿನಲ್ಲಿ ಎಣಿಸುವುದು ಬರೆದ ಅಕ್ಷರಗಳನ್ನಲ್ಲ, ಕಿವಿಗೆ ಕೇಳುವ ಸ್ವರಘಟಕಗಳನ್ನು. 'ಸ್ಟ್ರೆಂಗ್ತ್' ಎಂಬಲ್ಲಿ ವ್ಯಂಜನಗಳ ರಾಶಿಯೇ ಇದ್ದರೂ ಘಟಕ ಒಂದೇ. 'ಹೆವನ್' ಎಂಬುದು ಕವಿಯ ಅಗತ್ಯಕ್ಕೆ ತಕ್ಕಂತೆ ಎರಡಾಗಿಯೂ ಒಂದಾಗಿಯೂ ನಿಲ್ಲುತ್ತದೆ. 'ಕಾಮನ್ ಮೀಟರ್' ಎಂಬ ಬಂಧದಲ್ಲಿ ಸಾಲುಗಳು 8, 6, 8, 6 ಘಟಕಗಳಾಗಿ ಸಾಗುತ್ತವೆ. ಈ ಸಮಾನ ಅಳತೆಯಿಂದಾಗಿ ಒಂದೇ ಧಾಟಿ ಅನೇಕ ಗೀತೆಗಳಿಗೆ ಹೊಂದುತ್ತದೆ. ಇದು ಅಲ್ಲಗಳೆಯಲಾಗದ ಗುಣ. ಆದರೆ ಆ ಛಂದಸ್ಸಿನ ಜೀವ ಸಂಖ್ಯೆಯೊಂದರಲ್ಲೇ ಇಲ್ಲ. ಒತ್ತಿಲ್ಲದ ಘಟಕದ ಬೆನ್ನಿಗೆ ಒತ್ತುಳ್ಳದ್ದು ಬರುವ ಕ್ರಮದಲ್ಲಿದೆ.

ಕನ್ನಡದ ಕಿವಿ ಒತ್ತನ್ನು ಅಳೆಯದು, ಕಾಲವನ್ನು ಅಳೆಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 'ಕರುಣೆ', 'ವಿಶ್ವಾಸ' ಎರಡೂ ಮೂರಕ್ಷರದ ಪದಗಳು. ಮಾತ್ರೆಗಳಾದರೋ ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಐದು. ಅಕ್ಷರವನ್ನಷ್ಟೇ ಎಣಿಸಿದವನಿಗೆ ಈ ಭೇದ ಕಾಣದು. ಆಗ ದೀರ್ಘಸ್ವರದ ಮೇಲೆ ಲಘು ಬಂದು ಕೂರುತ್ತದೆ. ಶಿಲುಬೆಯ 'ಮರ' ಎಳೆದಾಗ 'ಮಾರ'ನಾಗುತ್ತಾನೆ, ಅಂದರೆ ಮನ್ಮಥ. ಶಾಂತಿಯನ್ನು 'ಕೊಡು' ಎಂಬ ಬೇಡಿಕೆ 'ಕೋಡು' ಆಗುತ್ತದೆ. ದಾಸರ ಪದಗಳಲ್ಲೂ ಹ್ರಸ್ವವನ್ನು ಎಳೆಯುವುದಿಲ್ಲವೇ ಎಂದು ಕೇಳಬಹುದು. ಎಳೆಯುವುದುಂಟು, ಆದರೆ ಅಲ್ಲಿ ಸಾಹಿತ್ಯವು ಮೊದಲೇ ಕನ್ನಡದ ನಡೆಯಲ್ಲಿ ಕಟ್ಟಿದ್ದಾದ್ದರಿಂದ ಪದದ ಗುರುತು ಅಳಿಯದು.

ಈ ತೊಡಕಿಗೆ ಉತ್ತರ ನಮ್ಮ ಸಾಹಿತ್ಯದಲ್ಲೇ ಇದೆ. ಸಂತ ಜಾನ್ ಹೆನ್ರಿ ನ್ಯೂಮನ್ನರು 1833ರಲ್ಲಿ ಸಮುದ್ರಯಾನದ ನಡುವೆ ಬರೆದ 'ಮೇಘಸ್ತಂಭ' ಕವಿತೆಯ ಸಾಲುಗಳು 10, 4, 10, 4, 10, 10 ಘಟಕಗಳವು. ಮೊದಲ ಸಾಲಿನಲ್ಲೇ ಎರಡು ಸ್ವರಗಳನ್ನು ಬೆಸೆದರೆ ಮಾತ್ರ ಹತ್ತರ ಲೆಕ್ಕ ಕೂಡುತ್ತದೆ. ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಇದನ್ನು 'ಪ್ರಾರ್ಥನೆ'ಯಾಗಿಸಿದಾಗ ಆ ಸಂಖ್ಯೆಗಳ ಬೆನ್ನುಹತ್ತಲಿಲ್ಲ. ಐದು ಮಾತ್ರೆಯ ಗಣಗಳನ್ನು ಹಿಡಿದರು. ಕತ್ತಲಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಯುವವನ ಬೇಡಿಕೆ ಆ ನಡೆಯಲ್ಲಿ ಉಳಿಯಿತು. ಕ್ರೈಸ್ತನಲ್ಲದ ಕವಿಯ ಆ ಅನುವಾದವನ್ನು ನಾಡು ತನ್ನದೇ ಪ್ರಾರ್ಥನೆಯೆಂದು ಹಾಡಿತು. ಅದಕ್ಕೂ ಮೊದಲೇ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ಲರು 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಪ್ರಕಟಿಸಿದ್ದರು. ಪರದೇಶದ ಪಾದ್ರಿ ಕಲಿತದ್ದನ್ನು ನಾವು ಮರೆತಿರುವುದು ಸಲ್ಲದು.

ಇದು ಪಂಡಿತರ ಚರ್ಚೆಯಷ್ಟೇ ಅಲ್ಲ. ಕನ್ನಡದ ತಿರುಳಿರುವ ನೆಲವನ್ನು ಗುರುತಿಸುವಾಗ 'ಕವಿರಾಜಮಾರ್ಗ'ವು ಕೊಪಣನಗರವನ್ನು, ಎಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ. ಓದದೆಯೂ ಕಾವ್ಯಪ್ರಯೋಗ ಬಲ್ಲವರು ಈ ನಾಡಿನ ಜನರೆಂದು ಕೊಂಡಾಡುತ್ತದೆ. ನಾಳೆ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಡೆಗೆ ಸೇವೆಗೆ ಹೋಗುವ ಗುರು ಅಭ್ಯರ್ಥಿಗಳು ಇದನ್ನು ನೆನೆಯಬೇಕು. ಭಜನೆ, ತತ್ವಪದಗಳಲ್ಲಿ ಪಳಗಿದ ಕಿವಿಯ ಮುಂದೆ ತಪ್ಪುನಡೆಯ ಗೀತೆಯಿಟ್ಟರೆ ಭಕ್ತರು ಧಾಟಿಯನ್ನು ಗುನುಗುತ್ತಾರೆ, ಪ್ರಾರ್ಥನೆ ಅವರನ್ನು ಮುಟ್ಟುವುದಿಲ್ಲ. ವಿಶ್ವಾಸವು ಕೇಳುವುದರಿಂದ ಬರುತ್ತದೆಂದು ಪೌಲರು ರೋಮಿನವರಿಗೆ ಬರೆದರು. ಜನಾಂಗಗಳ ಸ್ವಂತ ಸಂಗೀತಕ್ಕೆ ಮನ್ನಣೆಯಿರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಪೂಜಾವಿಧಿ ಸಂವಿಧಾನವು ವಿಧಿಸಿತು.

ಆದ್ದರಿಂದ ಅನುವಾದಕರಲ್ಲಿ ನಮ್ಮ ವಿನಂತಿಯಿಷ್ಟೆ. ಮೂಲ ಧಾಟಿಯನ್ನು ಉಳಿಸುವುದಾದರೆ ದೀರ್ಘಸ್ವರಕ್ಕೆ ಗುರುವನ್ನೋ ಎರಡು ಲಘುಗಳನ್ನೋ ಕೊಡೋಣ. ಅದು ಸಾಧ್ಯವಾಗದಿದ್ದರೆ ಧಾಟಿಯನ್ನೇ ಬಿಡೋಣ. ಗೀತೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ, ಓದು ಬರಹ ಅರಿಯದ ಹಿರಿಯರೊಬ್ಬರ ಮುಂದೆ ಹಾಡಿ, ಏನು ಕೇಳಿಸಿತೆಂದು ವಿಚಾರಿಸೋಣ.