ಮುರಿದ ಮುಳ್ಳುಗಿಡ: ಟಾಲ್‌ಸ್ಟಾಯ್ ಕಂಡ ಯುದ್ಧ

ಯುದ್ಧವನ್ನು ಕುರಿತ ಕಾದಂಬರಿಗಳಲ್ಲಿ ನಿಸರ್ಗವರ್ಣನೆಯು ಕೇವಲ ಅಲಂಕಾರವಲ್ಲ. ಕೃತಿಕಾರನು ಬಾಯಿಬಿಟ್ಟು ಹೇಳದ ತೀರ್ಪು ಅನೇಕ ವೇಳೆ ಅಲ್ಲಿಯೇ ಅಡಗಿರುತ್ತದೆ. ರಷ್ಯದ ಲಿಯೋ ಟಾಲ್‌ಸ್ಟಾಯ್ (1828–1910) ಅವರ ಎರಡು ಕೃತಿಗಳು ಇದಕ್ಕೆ ಉತ್ತಮ ನಿದರ್ಶನ. ತಾರುಣ್ಯದಲ್ಲಿ ಕಾಕಸಸ್ ಪರ್ವತಸೀಮೆಯಲ್ಲಿಯೂ ಸೆವಾಸ್ಟೊಪೋಲಿನಲ್ಲಿಯೂ ಸೈನ್ಯದಲ್ಲಿದ್ದ ಅವರಿಗೆ ಯುದ್ಧವೆಂಬುದು ಕೇಳಿ ತಿಳಿದ ಕಥೆಯಾಗಿರಲಿಲ್ಲ.

1869ರಲ್ಲಿ ಪೂರ್ಣಗೊಂಡ ‘ಯುದ್ಧ ಮತ್ತು ಶಾಂತಿ’ಯಲ್ಲಿ, 1805ರ ಆಸ್ಟರ್‌ಲಿಟ್ಸ್ ರಣರಂಗದಲ್ಲಿ ಗಾಯಗೊಂಡು ಬಿದ್ದ ಆಂದ್ರೇಯಿಗೆ ಕಾಣುವುದು ಎತ್ತರದ, ಪ್ರಶಾಂತವಾದ ಆಕಾಶ. ಅದರೆದುರು ಕೀರ್ತಿಯ ಹಂಬಲವೂ ಅಲ್ಪ. ಅವನು ಮೆಚ್ಚಿದ್ದ ನೆಪೋಲಿಯನ್ನನೂ ಅಲ್ಪ. ಇಲ್ಲಿ ನಿಸರ್ಗವು ಯುದ್ಧದ ಕೈಗೆಟುಕದೆ ಮೇಲೆ ನಿಂತಿದೆ.

ಮರಣಾನಂತರ 1912ರಲ್ಲಿ ಪ್ರಕಟವಾದ ‘ಹಾಜಿ ಮುರಾದ್’ನಲ್ಲಿ ಅದೇ ನಿಸರ್ಗವು ನೆಲಕ್ಕಿಳಿದು ತಾನೇ ಗಾಯಗೊಂಡಿದೆ. ರಷ್ಯದ ಸೈನಿಕರು ಚೆಚೆನ್ ಹಳ್ಳಿಯೊಂದನ್ನು ಹಾಳುಗೆಡವಿದ ಮೇಲೆ ಹಿಂದಿರುಗಿದ ಸಾದೋ ಎಂಬ ಗೃಹಸ್ಥನ ಪಾಲಿಗೆ ಉಳಿದದ್ದೇನು? ಬೆನ್ನಿಗೆ ಬಯೊನೆಟ್ಟು ತಿವಿದು ಕೊಂದ ಮಗನ ಶವ. ಕೈಯಾರೆ ನೆಟ್ಟು ಬೆಳೆಸಿದ, ಈಗ ಮುರಿದು ಸುಟ್ಟ ಹಣ್ಣಿನ ಮರಗಳು. ಹುಳುಗಳ ಸಹಿತ ಉರಿದುಹೋದ ಜೇನುಗೂಡುಗಳು. ಮಲಿನಗೊಂಡ ನೀರಿನ ಚಿಲುಮೆ. ಮಗು, ಮರ, ಜೇನು, ನೀರು ಎಲ್ಲವೂ ಒಂದೇ ದುಃಖದಲ್ಲಿ ಸೇರಿವೆ. ಯುದ್ಧವನ್ನು ಖಂಡಿಸುವ ಉಪನ್ಯಾಸ ಅಲ್ಲಿಲ್ಲ. ಅದರ ಅಗತ್ಯವೂ ಇಲ್ಲ.

ಕೃತಿಯು ಆರಂಭವಾಗುವುದು ಒಂದು ಮುಳ್ಳುಗಿಡದಿಂದ. ಹೂ ಕೀಳುತ್ತ ಹೊರಟ ನಿರೂಪಕನು ಅದರ ಕೆಂಪು ಹೂವಿಗೆ ಆಸೆಪಟ್ಟು ಹೆಣಗಾಡಿ ಕೀಳುತ್ತಾನೆ. ಅಷ್ಟರಲ್ಲಿ ಹೂ ನಲುಗಿ, ಗುಚ್ಛಕ್ಕೆ ಒಪ್ಪದೆ, ಬಿಸುಟುಹೋಗುತ್ತದೆ. ಮುಂದೆ ಉತ್ತ ಹೊಲದಲ್ಲಿ ಗಾಲಿಗೆ ಸಿಕ್ಕಿಯೂ ತಲೆಯೆತ್ತಿ ನಿಂತ ಇನ್ನೊಂದು ಗಿಡವು 1852ರಲ್ಲಿ ಹತನಾದ ಹಾಜಿ ಮುರಾದನನ್ನು ನೆನಪಿಗೆ ತರುತ್ತದೆ. ಇದನ್ನು ಬಗ್ಗದ ಶೌರ್ಯದ ಪ್ರತಿಮೆಯೆಂದಷ್ಟೇ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ. ಮೊದಲ ಗಿಡವನ್ನು ಮುರಿದವನು ಶತ್ರುವಲ್ಲ, ಕ್ರೂರಿಯೂ ಅಲ್ಲ. ಬೇಕಿಲ್ಲದ್ದನ್ನು ಬಯಸಿದವನು, ಅಷ್ಟೆ. ಹೂ ಕಿತ್ತ ಕೈಯನ್ನೂ ಅರಮನೆಯಲ್ಲಿ ಕುಳಿತು ದಾಳಿಗೆ ಆಜ್ಞೆಯಿತ್ತ ಚಕ್ರವರ್ತಿಯ ಕೈಯನ್ನೂ ಲೇಖಕರು ಸಮಗೊಳಿಸುವುದಿಲ್ಲ. ಎರಡರ ಬೇರು ಒಂದೇ ನೆಲದಲ್ಲಿದೆಯೆಂದು ಸೂಚಿಸುತ್ತಾರೆ.

ಕೊನೆಯಲ್ಲಿ, ಗುಂಡಿನ ಸದ್ದಿಗೆ ಮೌನವಾಗಿದ್ದ ನೈಟಿಂಗೇಲ್ ಹಕ್ಕಿಗಳು ಮತ್ತೆ ಹಾಡುತ್ತವೆ. ಇದನ್ನು ಸಾಂತ್ವನವೆಂದು ಸ್ವೀಕರಿಸುವುದು ಸುಲಭ. ಆದರೆ ಸುಟ್ಟ ಜೇನುಗೂಡನ್ನು ಕಂಡ ಓದುಗನಿಗೆ ಆ ಹಾಡು ನೆಮ್ಮದಿ ನೀಡದು. ಹಕ್ಕಿಗಳು ಮರೆಯಬಲ್ಲವು, ಮನುಷ್ಯನು ಮರೆಯಬಾರದು.