ಪಾಸಿಲ್ಲದ ಮೆಟ್ರೊ

ದರ ಏರಿದಾಗಲೆಲ್ಲ ಉಪಾಯ ಹೇಳುವವರು ಹುಟ್ಟಿಕೊಳ್ಳುತ್ತಾರೆ. 2025ರ ಫೆಬ್ರವರಿ 9ರಂದು ನಮ್ಮ ಮೆಟ್ರೊ ತನ್ನ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲೂ ಹಾಗೇ ಆಯಿತು. ಕಾರ್ಡ್ ಮಾಡಿಸಿಕೊಳ್ಳಿ, ಎಂಟು ಗಂಟೆಗೆ ಮುಂಚೆ ಹೊರಡಿ, ಒಂದು ಸ್ಟೇಷನ್ ಮೊದಲೇ ಇಳಿದು ನಡೆಯಿರಿ, ಕೆಂಗೇರಿಯೋ ವೈಟ್‌ಫೀಲ್ಡೋ ಆದರೆ ಮೆಟ್ರೊ ಬಿಟ್ಟು ಮೆಮು ರೈಲು ಹಿಡಿಯಿರಿ. ಇವು ಯಾವುವೂ ಸುಳ್ಳಲ್ಲ, ಒಂದೊಂದರಲ್ಲೂ ನಾಲ್ಕು ಕಾಸು ಉಳಿಯುತ್ತದೆ. ಆದರೆ ಅಗ್ಗದ ಟಿಕೆಟ್ ಹುಡುಕಿಕೊಳ್ಳುವುದು ಪ್ರಯಾಣಿಕರ ಜಾಣತನಕ್ಕೆ ಬಿಟ್ಟ ವಿಚಾರ ಎಂಬ ನಂಬಿಕೆ ಇವುಗಳ ಹಿಂದಿದೆ, ನನಗೆ ಒಪ್ಪಿಗೆಯಾಗದಿರುವುದು ಅದು. ತಿಂಗಳಿಗೆ ಐವತ್ತು ಸಲ ಅದೇ ಗೇಟು ದಾಟುವವರನ್ನು ದರಪಟ್ಟಿ ಬರೆದವರು ದಿನಾ ಬರುವವರೆಂದು ಗುರುತಿಸಿದ್ದರೆ ಅಗ್ಗದ ಟಿಕೆಟ್ ಕೌಂಟರಿನಲ್ಲೇ ಸಿಗುತ್ತದೆ. ಗುರುತಿಸದಿದ್ದರೆ ಎಷ್ಟು ಹುಡುಕಿದರೂ ಚಿಲ್ಲರೆಯಷ್ಟೇ ಕೈಗೆ ಬರುವುದು. ನಮ್ಮ ಹಳೆಯ ರೈಲ್ವೆ ಅವರನ್ನು ಗುರುತಿಸಿದೆ, ಹೊಸ ಮೆಟ್ರೊ ಇನ್ನೂ ಗುರುತಿಸಿಲ್ಲ.

ಮೊದಲು ಕಾರ್ಡಿನ ಲೆಕ್ಕ ನೋಡೋಣ. 2025ರ ದರಪಟ್ಟಿಯ ಪ್ರಕಾರ ಹತ್ತರಿಂದ ಹದಿನೈದು ಕಿಲೋಮೀಟರ್ ದೂರಕ್ಕೆ 60 ರೂಪಾಯಿ. ತಿಂಗಳಿಗೆ 26 ದಿನ ಕೆಲಸ, ಹೋಗಿ ಬರುವುದು ಸೇರಿ 52 ಪ್ರಯಾಣ ಎಂದಿಟ್ಟುಕೊಂಡರೆ 3,120 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ ಇರುವುದರಿಂದ 156 ರೂಪಾಯಿ ಉಳಿಯಿತು. ಅದಕ್ಕೆ ಪ್ರತಿಯಾಗಿ ಕಾರ್ಡಿನಲ್ಲಿ ಸದಾ ಇರಬೇಕಾದ ಕನಿಷ್ಠ ಮೊತ್ತವನ್ನು ಅದೇ ಹೊತ್ತಿನಲ್ಲಿ 50ರಿಂದ 90 ರೂಪಾಯಿಗೆ ಏರಿಸಿದರು. ಮೊಬೈಲಿನ ಕ್ಯೂಆರ್ ಟಿಕೆಟ್ಟಿಗೂ ಇದ್ದ ಶೇ 5ರ ರಿಯಾಯಿತಿಯನ್ನು ತೆಗೆದೇ ಹಾಕಿದರು. ಜನಸಂದಣಿ ಇಲ್ಲದ ಹೊತ್ತಿನಲ್ಲಿ, ಅಂದರೆ ವಾರದ ದಿನಗಳಲ್ಲಿ ಬೆಳಗ್ಗೆ ಎಂಟರೊಳಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ, ರಾತ್ರಿ ಒಂಬತ್ತರ ಮೇಲೆ ಕಾರ್ಡಿಗೆ ಒಟ್ಟು ಶೇ 10 ರಿಯಾಯಿತಿ. ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಹೋಗುವವರಿಗೆ, ನಸುಕಿನಲ್ಲೇ ಕಚೇರಿಗಳ ಕಸ ಗುಡಿಸಲು ಬರುವವರಿಗೆ ಇದರಿಂದ ಅನುಕೂಲವಿದೆ, ಇಲ್ಲವೆನ್ನಲಾಗದು. ಆದರೆ ಒಂಬತ್ತೂವರೆಗೆ ಹಾಜರಿ ಹಾಕಿ ಆರಕ್ಕೆ ಬಿಡುಗಡೆಯಾಗುವ ಗುಮಾಸ್ತರು, ಅಂಗಡಿಯ ಸೇಲ್ಸ್ ಹುಡುಗಿಯರು, ಆಸ್ಪತ್ರೆಯ ಲ್ಯಾಬಿನವರು ತಮ್ಮ ಹೊತ್ತನ್ನು ತಾವೇ ಗೊತ್ತುಮಾಡಿಕೊಳ್ಳುವವರಲ್ಲ. ಹೊತ್ತು ಬದಲಿಸಿದರೆ ರಿಯಾಯಿತಿ ಎಂಬ ಮಾತು ಹೋಗಬೇಕಾದದ್ದು ಅವರ ಮಾಲೀಕರ ಕಿವಿಗೆ.

ಇನ್ನು ನಡೆಯುವ ಉಪಾಯ. ಮೆಟ್ರೊ ದರ ಮೊದಲ ಹತ್ತು ಕಿಲೋಮೀಟರ್‌ವರೆಗೆ ಎರಡೆರಡು ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ ಏರುತ್ತದೆ, ಆಮೇಲೆ ಐದೈದು ಕಿಲೋಮೀಟರಿಗೆ ಹತ್ತು. ಇಳಿಯುವ ಸ್ಟೇಷನ್ ನಾಲ್ಕು ಕಿಲೋಮೀಟರ್ ದಾಟಿ ಇನ್ನೂರು ಮೀಟರ್ ಆಚೆಗಿದ್ದರೆ 20ರ ಬದಲು 30 ರೂಪಾಯಿ. ಹಿಂದಿನ ಸ್ಟೇಷನ್ನಿನಲ್ಲೇ ಇಳಿದು ಸಂಜೆ ಅಲ್ಲಿಂದಲೇ ಹತ್ತಿದರೆ ದಿನಕ್ಕೆ 20 ರೂಪಾಯಿ, ತಿಂಗಳಿಗೆ 520 ರೂಪಾಯಿ ಉಳಿತಾಯ. ಅದೇ 30 ರೂಪಾಯಿಯ ಪ್ರಯಾಣಕ್ಕೆ ಕಾರ್ಡು ತಿಂಗಳಿಡೀ ಉಳಿಸಿಕೊಡುವುದು 78 ರೂಪಾಯಿ. ಮೆಟ್ರೊ ನಿಗಮ ಕೊಡುವ ರಿಯಾಯಿತಿಗಿಂತ ಸ್ವಂತ ಕಾಲು ಆರೇಳು ಪಟ್ಟು ಹೆಚ್ಚು ದುಡಿಯುತ್ತದೆ ಎಂದಾಯಿತು! ಫುಟ್‌ಪಾತ್ ಇರುವ ಕಡೆ ಸರಿ, ಇಲ್ಲದ ಕಡೆ ಆ ಹತ್ತು ರೂಪಾಯಿಗಾಗಿ ಚರಂಡಿ ಚಪ್ಪಡಿಯ ಮೇಲೆ ಸರ್ಕಸ್ ಮಾಡಬೇಕು. ಬ್ರಿಟನ್ನಿನ ರೈಲುಗಳಲ್ಲಿ ಒಂದೇ ಪ್ರಯಾಣವನ್ನು ಎರಡು ಮೂರು ಟಿಕೆಟ್ಟುಗಳಾಗಿ ಒಡೆದು ಕೊಂಡು ದುಡ್ಡು ಉಳಿಸುವ ಚಾಳಿಯೇ ಬೆಳೆದಿದೆ. ನಮ್ಮಲ್ಲಿ ಅದಕ್ಕೂ ದಾರಿಯಿಲ್ಲ. ಹತ್ತು ಕಿಲೋಮೀಟರಿಗೆ 50 ರೂಪಾಯಿ, ಅದನ್ನು ಐದೈದಾಗಿ ಒಡೆದರೆ 60. ಒಟ್ಟಿನಲ್ಲಿ ಈ ದರಪಟ್ಟಿಯೊಳಗೆ ಹುಡುಕಾಟಕ್ಕೆ ಸಿಗುವ ಸಂದುಗಳು ತೀರಾ ಕಡಿಮೆ. ಅದೇ ಒಂದು ಒಳ್ಳೆಯ ಗುಣ ಎನ್ನಬಹುದಾಗಿತ್ತು, ದಿನಾ ಬರುವವರಿಗೆ ಬೇರೊಂದು ನೇರವಾದ ಬಾಗಿಲು ತೆರೆದಿದ್ದರೆ.

ಆ ಬಾಗಿಲು ರೈಲ್ವೆಯಲ್ಲಿ ತಲೆಮಾರುಗಳಿಂದ ಇದೆ. ಜನ ಅದನ್ನು ಮಂತ್ಲಿ ಪಾಸ್ ಎನ್ನುತ್ತಾರೆ, ಇಲಾಖೆಯ ಕಾಗದದಲ್ಲಿ ಅದು ಸೀಸನ್ ಟಿಕೆಟ್. 150 ಕಿಲೋಮೀಟರ್ ಒಳಗಿನ ಎರಡು ಊರುಗಳ ನಡುವೆ ತಿಂಗಳಿಡೀ ಓಡಾಡಲು ಒಂದೇ ಸಲ ಹಣ ಕಟ್ಟುವುದು. ಉಪನಗರ ರೈಲುಗಳ ಎರಡನೇ ದರ್ಜೆಯಲ್ಲಿ ತಿಂಗಳ ಪಾಸಿನ ಬೆಲೆಗೆ ಆಧಾರ ಸುಮಾರು 15 ಬಿಡಿ ಪ್ರಯಾಣಗಳ ದರ. ಐವತ್ತು ಸಲ ಹೋಗುವವರು ಹದಿನೈದು ಸಲದ ಹಣ ಕೊಟ್ಟರೆ ಸಾಕು ಎಂಬ ಒಪ್ಪಂದ ಅದು. ಮೂರು ತಿಂಗಳದ್ದು ಒಟ್ಟಿಗೆ ಕೊಂಡರೆ 2.7 ತಿಂಗಳ ಬೆಲೆ. ಪದವಿವರೆಗೆ ಓದುವ ಹುಡುಗಿಯರಿಗೆ, ಹನ್ನೆರಡನೇ ತರಗತಿವರೆಗಿನ ಹುಡುಗರಿಗೆ ಮನೆಯಿಂದ ಶಾಲೆ ಕಾಲೇಜಿಗೆ ಎರಡನೇ ದರ್ಜೆಯ ಪಾಸು ಉಚಿತ. ಈ ಒಪ್ಪಂದ ಎಷ್ಟು ಆಳಕ್ಕೆ ಇಳಿದಿದೆ ಎಂಬುದು 2014ರ ಜೂನ್‌ನಲ್ಲಿ ತಿಳಿಯಿತು. ಆಗ ರೈಲ್ವೆ ಸಚಿವರಾಗಿದ್ದವರು ನಮ್ಮವರೇ ಆದ ಡಿ.ವಿ. ಸದಾನಂದ ಗೌಡರು. ಪ್ರಯಾಣದರವನ್ನು ಶೇ 14.2ರಷ್ಟು ಏರಿಸುವುದರ ಜೊತೆಗೆ ಪಾಸಿನ ಲೆಕ್ಕವನ್ನು 15 ಪ್ರಯಾಣದಿಂದ 30ಕ್ಕೆ ಒಯ್ಯುವುದಾಗಿ ಪ್ರಕಟವಾಯಿತು. ಮುಂಬೈಯಿಂದ ಎದ್ದ ಗಲಾಟೆಗೆ ಕೆಲವೇ ದಿನಗಳಲ್ಲಿ ಪಾಸಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು, ದೂರ ಪ್ರಯಾಣದ ಏರಿಕೆ ಮಾತ್ರ ಹಾಗೇ ಉಳಿಯಿತು. ಪಾಸು ಜನರ ಕೈಯಲ್ಲಿದ್ದರೆ ಅದನ್ನು ಕಾಯುವವರೂ ಇರುತ್ತಾರೆ. ಬಿಡಿ ಟಿಕೆಟ್ಟಿನವರಿಗೆ ಅಂಥದೊಂದು ಗುಂಪೇ ಇರುವುದಿಲ್ಲ.

ಬೆಂಗಳೂರಿನ ಸುತ್ತ ಈ ಪಾಸು ಏನು ಮಾಡಿದೆ ಎಂದು ನೋಡಬೇಕಾದರೆ ಕೆಜಿಎಫ್‌ನ ಮಾರಿಕುಪ್ಪಂ ಕಡೆಯ ರೈಲುಗಳನ್ನು ನೋಡಬೇಕು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿತು. ಕೆಜಿಎಫ್‌ನ ಜನ ಊರು ಬಿಟ್ಟು ಚದುರಿಹೋಗಬೇಕಿತ್ತು, ಬಹಳ ಮಂದಿ ಹೋಗಲಿಲ್ಲ. ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್ ದಾಟಿ ಎಂಬತ್ತು ಚಿಲ್ಲರೆ ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುವುದನ್ನೇ ಬದುಕು ಮಾಡಿಕೊಂಡರು. ಗಣಿಯ ಕೂಲಿ ಹೋದ ಊರೊಂದು ಬೆಂಗಳೂರಿನ ಬಾಡಿಗೆ ಕಟ್ಟದೆ ಬೆಂಗಳೂರಿನ ಸಂಬಳ ತಂದು ಬದುಕಿದೆ. ನಡುವೆ ಇರುವುದು ತಿಂಗಳಿಗೊಮ್ಮೆ ನವೀಕರಿಸುವ ಪಾಸು. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದಿಂದ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರ ಕಥೆಯೂ ಇದೇ. ಈ ರೈಲುಗಳಲ್ಲಿ ಯಾರ ಸೀಟು ಯಾವುದು, ಯಾವ ಸ್ಟೇಷನ್ನಿನಲ್ಲಿ ಯಾರು ಜಾಗ ಬಿಟ್ಟುಕೊಡುತ್ತಾರೆ ಎಂಬುದೆಲ್ಲ ಗೊತ್ತುಪಾಡಿನಂತೆ ನಡೆಯುತ್ತದೆ. ಹೊರಗಿನವರಿಗೆ ಅದು ದಬ್ಬಾಳಿಕೆಯಾಗಿ ಕಾಣುವುದೂ ಉಂಟು, ಬಹಳ ಸಲ ದಬ್ಬಾಳಿಕೆಯೇ ಹೌದು.

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ರೈಲ್ವೆ ಪಾಸು ಅಗ್ಗ ನಿಜ, ಆದರೆ ಕಾಸಿಗೆ ತಕ್ಕ ಕಜ್ಜಾಯ. ಮೆಟ್ರೊ ಕೆಲವು ನಿಮಿಷಗಳಿಗೊಂದು ಬರುತ್ತದೆ. ಮೆಮು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತೋ, ಮೇಲ್ ಗಾಡಿಗೆ ದಾರಿ ಬಿಡಲು ಔಟರಿನಲ್ಲಿ ನಿಂತರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಹೂಡಿ, ನಾಯಂಡಹಳ್ಳಿಯಂಥ ಹಾಲ್ಟಿನಲ್ಲಿ ಇಳಿದವರಿಗೆ ಅಲ್ಲಿಂದ ಆಟೋ ಖರ್ಚು ಬೇರೆ. ಅರ್ಧ ದಿನದ ಸಂಬಳ ಒಮ್ಮೆ ಕಡಿತವಾದರೆ ಇಡೀ ತಿಂಗಳ ಪಾಸಿನ ಉಳಿತಾಯ ಅದಕ್ಕೇ ಸಮ. 148 ಕಿಲೋಮೀಟರಿನ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರೂ ಇಟ್ಟಾಯಿತು, ಕೆಲಸ ಮಾತ್ರ ಕುಂಟುತ್ತಿದೆ. ಆದ್ದರಿಂದ ಮೆಟ್ರೊ ಬಿಟ್ಟು ಮೆಮು ಹಿಡಿಯಿರಿ ಎನ್ನುವುದು ಹಳಿಯ ಪಕ್ಕದಲ್ಲೇ ಮನೆಯೂ ಕೆಲಸವೂ ಇರುವ ಕೆಲವರಿಗಷ್ಟೇ ಹೇಳಬಹುದಾದ ಬುದ್ಧಿಮಾತು. ಆದರೆ ಈ ಆಕ್ಷೇಪ ರೈಲುಗಳ ಸಂಖ್ಯೆಯ ಮೇಲಿನದು, ಪಾಸಿನ ಮೇಲಿನದಲ್ಲ. ಮುಂಬೈಯ ಲೋಕಲ್ಲುಗಳು ಪೀಕ್ ಹೊತ್ತಿನಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ಓಡುತ್ತವೆ, ಅಲ್ಲೂ ಪಾಸಿದೆ.

ಮೆಟ್ರೊಗಳಿಗೆ ಪಾಸು ಹೊಂದುವುದಿಲ್ಲ ಎನ್ನಲೂ ಆಗದು. ಚೆನ್ನೈ ಮೆಟ್ರೊ ತಿಂಗಳಿಡೀ ಎಷ್ಟು ಬೇಕಾದರೂ ಓಡಾಡುವ ಪಾಸನ್ನು 2,500 ರೂಪಾಯಿಗೆ ಕೊಟ್ಟಿದೆ. ಮುಂಬೈಯ 2ಎ ಮತ್ತು 7ನೇ ಮಾರ್ಗಗಳಲ್ಲಿ ಮೂವತ್ತು ದಿನದೊಳಗೆ 45 ಪ್ರಯಾಣಕ್ಕೆ ಶೇ 15, 60 ಪ್ರಯಾಣಕ್ಕೆ ಶೇ 20 ರಿಯಾಯಿತಿಯ ಪಾಸು ಬಂದಿದೆ. ಪಾಸಿನ ದಾರಿ ಹಿಡಿಯದ ದೆಹಲಿ ಕೂಡ ಕಾರ್ಡಿಗೆ ಶೇ 10, ಸಂದಣಿಯಿಲ್ಲದ ಹೊತ್ತಿಗೆ ಮತ್ತೆ ಶೇ 10 ಬಿಡುತ್ತದೆ. ಇದೇ ಬೆಂಗಳೂರಿನಲ್ಲಿ ಬಿಎಂಟಿಸಿ 2025ರ ಜನವರಿಯಲ್ಲಿ ದರ ಏರಿಸಿದಾಗಲೂ ಸಾಮಾನ್ಯ ಬಸ್ಸಿನ ಮಾಸಿಕ ಪಾಸನ್ನು 1,050ರಿಂದ 1,200ಕ್ಕೆ ಒಯ್ದಿತೇ ಹೊರತು ಪಾಸನ್ನೇ ತೆಗೆಯಲಿಲ್ಲ. ಇನ್ನೂ ವಿಚಿತ್ರವೆಂದರೆ ನಮ್ಮ ಮೆಟ್ರೊಗೂ ಮಿತಿಯಿಲ್ಲದ ಪಾಸು ಗೊತ್ತಿಲ್ಲದ್ದೇನಲ್ಲ. ಒಂದು ದಿನ, ಮೂರು ದಿನ, ಐದು ದಿನದ ಪಾಸುಗಳನ್ನು ಅದು ಮಾರುತ್ತದೆ, ಊರು ನೋಡಲು ಬಂದವರಿಗಾಗಿ. ಐದು ದಿನದ್ದಕ್ಕೆ ಎಂಟುನೂರು ರೂಪಾಯಿಯ ಆಚೀಚೆ. ದಿನಾ 60 ರೂಪಾಯಿಯ ದೂರ ಹೋಗಿ ಬರುವವರಿಗೆ ಐದು ದಿನದ ಬಿಡಿ ಟಿಕೆಟ್ಟೇ 600. ಎರಡೂ ಹೊತ್ತು 90 ಕೊಡುವವರಿಗೂ ಕಾರ್ಡಿನ ರಿಯಾಯಿತಿ ಕಳೆದರೆ 855. ಲಾಲ್‌ಬಾಗ್, ಮಲ್ಲೇಶ್ವರ, ಎಂ.ಜಿ. ರಸ್ತೆ ಎಂದು ದಿನಕ್ಕೆ ಐದಾರು ಸಲ ಹತ್ತಿಳಿಯುವವರಿಗೆ ಲಾಭ, ವರ್ಷವಿಡೀ ಬರುವವರಿಗೆ ಹೆಚ್ಚೆಂದರೆ ಸರಿಸಮ. ನೆಂಟರಿಗೆ ಇರುವ ಉಪಚಾರ ಮನೆಯವರಿಗಿಲ್ಲ.

ಎರಡನೆಯ ಆಕ್ಷೇಪ ಹಣದ್ದು. ಮೆಟ್ರೊ ಸಾಲ ಮಾಡಿ ಕಟ್ಟಿದ್ದು, ಕಂತು ತೀರಿಸಬೇಕು. ರೈಲ್ವೆಗಾದರೆ ಸರಕು ಸಾಗಣೆಯ ಆದಾಯವಿದೆ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ಅದು ಟಿಕೆಟ್ಟಿನ ಮೇಲೇ ಅಚ್ಚು ಹಾಕಿಸಿ ಜನರಿಗೆ ನೆನಪಿಸಿದ್ದೂ ಉಂಟು. ಹದಿನೈದು ಪ್ರಯಾಣದ ಬೆಲೆಗೆ ಇಡೀ ತಿಂಗಳು ಎಂಬ ರೈಲ್ವೆಯ ಉದಾರತನವನ್ನು ಮೆಟ್ರೊದಿಂದ ಕೇಳುವುದು ನ್ಯಾಯವಲ್ಲ, ಒಪ್ಪುತ್ತೇನೆ. ಕೇಳುತ್ತಿರುವುದು ಅಷ್ಟನ್ನಲ್ಲ. ಗಾಡಿ ಓಡಿಸುವ ಖರ್ಚಿನ ಬಹುಪಾಲು ಜನ ಹತ್ತಿದರೂ ಹತ್ತದಿದ್ದರೂ ಆಗಿಯೇ ಆಗುತ್ತದೆ. ಪಾಸಿನವರು ಭಾನುವಾರ ಹೆಂಡತಿ ಮಕ್ಕಳ ಜೊತೆ ಇನ್ನೊಂದು ಸಲ ಹತ್ತಿದರೆ ನಿಗಮಕ್ಕೆ ನಷ್ಟವಿಲ್ಲ, ಜೊತೆಯವರ ಟಿಕೆಟ್ಟು ಲಾಭ. ನಿಗಮದ ನಿಜವಾದ ಎದುರಾಳಿ ಸ್ಕೂಟರು. ನೂರು ರೂಪಾಯಿ ದಾಟಿದ ಪೆಟ್ರೋಲು ಹಾಕಿಸಿದರೂ ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿಗೆ ಹನ್ನೆರಡು ಕಿಲೋಮೀಟರಿಗೆ ಮೂವತ್ತು ರೂಪಾಯಿ ಖರ್ಚಾಗುವುದಿಲ್ಲ, ಮೆಟ್ರೊಗೆ 60. ಮನೆಯ ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಅವರ ಪಾಲಿಗೆ ಮೆಟ್ರೊ ಸ್ಪರ್ಧಿಸುವುದು ಸೊನ್ನೆಯ ಜೊತೆ. ದರ ಏರಿದ ವಾರಗಳಲ್ಲಿ ಪ್ರಯಾಣಿಕರ ಸಂಖ್ಯೆ ಇಳಿದದ್ದು ಸುಮ್ಮನೆ ಅಲ್ಲ. ತಿಂಗಳ ಮೊದಲ ದಿನವೇ ಹಣ ಕಟ್ಟಿಸಿಕೊಂಡವರನ್ನು ಸ್ಕೂಟರು ಅಷ್ಟು ಸುಲಭವಾಗಿ ಸೆಳೆಯಲಾರದು.

ಪಾಸಿನ ಲಾಭ ಒಂದೇ ಸಲ ಎರಡು ಸಾವಿರ ತೆಗೆದಿಡಬಲ್ಲವರಿಗೆ ಮಾತ್ರ, ವಾರದ ಬಟವಾಡೆಯವರಿಗಲ್ಲ ಎಂಬ ಮಾತೂ ಇದೆ. ಈ ಆಕ್ಷೇಪಕ್ಕೆ ನನ್ನಲ್ಲಿ ಹೆಚ್ಚು ಗೌರವವಿದೆ, ಏಕೆಂದರೆ ಅಗ್ಗದ ಬೆಲೆ ಯಾವಾಗಲೂ ಒಟ್ಟಿಗೆ ಕೊಳ್ಳಬಲ್ಲವರ ಕಡೆ ವಾಲುತ್ತದೆ. ಇದಕ್ಕೆ ಲಂಡನ್ನಿನಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿನ ಆಯ್‌ಸ್ಟರ್ ಕಾರ್ಡಿನಲ್ಲಿ 2005ರಿಂದ ದಿನದ ಮಿತಿ ಎಂಬುದೊಂದಿದೆ, ಆಮೇಲೆ ವಾರದ ಮಿತಿಯೂ ಬಂತು. ಪ್ರತಿ ಪ್ರಯಾಣಕ್ಕೂ ಬಿಡಿ ಹಣ ಕಡಿತವಾಗುತ್ತಾ ಹೋಗಿ, ಒಟ್ಟು ಮೊತ್ತ ಮಿತಿ ಮುಟ್ಟಿದ ಮೇಲೆ ಮುಂದಿನ ಪ್ರಯಾಣಕ್ಕೆ ಕಾಸಿಲ್ಲ. ಮುಂಗಡವಾಗಿ ಕಟ್ಟಬೇಕಾಗಿಲ್ಲ, ಅಗ್ಗದ ಟಿಕೆಟ್ ಯಾವುದೆಂದು ಹುಡುಕಬೇಕಾಗಿಯೂ ಇಲ್ಲ, ಆ ಲೆಕ್ಕವನ್ನು ಗೇಟೇ ಇಟ್ಟುಕೊಳ್ಳುತ್ತದೆ. ನಮ್ಮ ಗೇಟುಗಳೂ ಕಾರ್ಡು ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ದಾಖಲಿಸುತ್ತವೆ. ಎಂಟು ಗಂಟೆಗೆ ಮುಂಚೆ ಬಂದದ್ದನ್ನು ಗುರುತಿಸಿ ಶೇ 10 ಬಿಡಬಲ್ಲ ಯಂತ್ರಕ್ಕೆ ಇದು ನಲವತ್ತನೆಯ ಸಲ ಎಂದು ಗುರುತಿಸುವುದು ಕಷ್ಟವಲ್ಲ.

ಕಡೆಯದಾಗಿ ಕಾನೂನಿನ ನೆಪ. 2002ರ ಮೆಟ್ರೊ ರೈಲ್ವೆ ಕಾಯ್ದೆಯಡಿ ದರವನ್ನು ಹೇಳುವುದು ದರ ನಿಗದಿ ಸಮಿತಿ, ಈ ಸಲದ್ದು ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆರ್. ತರಣಿ ಅವರ ನೇತೃತ್ವದ್ದು. ಅದರ ಶಿಫಾರಸಿಗೆ ನಿಗಮ ಬದ್ಧ, ಆದ್ದರಿಂದ ತಮ್ಮ ಕೈ ಕಟ್ಟಿದೆ ಎಂಬ ವಿವರಣೆ ಬರುತ್ತದೆ. ಆದರೆ ಕೆಲವು ಸ್ಟೇಷನ್ನುಗಳ ನಡುವೆ ದರ ಏಕಾಏಕಿ ದುಪ್ಪಟ್ಟಾಗಿದೆ ಎಂದು ಜನ ಕೂಗೆಬ್ಬಿಸಿ, ಮುಖ್ಯಮಂತ್ರಿಗಳೂ ಇಳಿಸಲು ಹೇಳಿದ ಮೇಲೆ, ಏರಿಸಿದ ಐದೇ ದಿನಕ್ಕೆ, ಫೆಬ್ರವರಿ 14ರಂದು ನಿಗಮ ಅಂಥ ಕಡೆ ದರ ತಗ್ಗಿಸಿತು. ಹೊಸ ಸಮಿತಿ ಕೂರಲಿಲ್ಲ, ಕಾಯ್ದೆಗೆ ತಿದ್ದುಪಡಿಯೂ ಬೇಕಾಗಲಿಲ್ಲ.